ನಿಂತಾಗ ಹಿಡಿಯುವ ಚಳಿ: ಹಿಮದ ದಾರಿಗೆ ನಾನು ಬ್ಯಾಗ್ ತುಂಬುವ ರೀತಿ

ಗೈಡ್ ಜೊತೆ ಮೊದಲ ಸಲ ಹಿಮದಲ್ಲಿ ನಡೆಯಲು ಹೋದಾಗ ಇಡೀ ಗುಂಪಿನಲ್ಲಿ ನನ್ನ ಜಾಕೆಟ್ಟೇ ಎಲ್ಲಕ್ಕಿಂತ ದಪ್ಪ. ಆದರೂ ಎಲ್ಲರಿಗಿಂತ ಮೊದಲು ನಡುಗಿದ್ದು ನಾನೇ.

ಬೆಳಿಗ್ಗೆ ಟೆಂಟಿನಿಂದ ಹೊರಗೆ ಬಂದಾಗ ಕೊರೆಯುವ ಚಳಿ. ಆ ಜಾಕೆಟ್ ಹಾಕಿಕೊಂಡೇ ಏರು ಹತ್ತಲು ಶುರು ಮಾಡಿದೆ. ಒಳಗೆ ಹತ್ತಿ ಬನಿಯನ್. ಅರ್ಧ ಗಂಟೆಗೆಲ್ಲ ಬೆನ್ನು ತೊಯ್ದು ಹೋಗಿತ್ತು. ಜಾಕೆಟ್ ಬಿಚ್ಚೋಣ ಎಂದರೆ ನನಗಾಗಿ ಎಲ್ಲರೂ ನಿಲ್ಲಬೇಕಲ್ಲ ಎಂಬ ಸಂಕೋಚ. ಮೇಲೆ, ಗಾಳಿ ಬೀಸುವ ಜಾಗದಲ್ಲೇ ಒಬ್ಬರ ಕ್ರ್ಯಾಂಪಾನ್ (ಜಾರದಂತೆ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಸಡಿಲವಾಯಿತು. ಗೈಡ್ ಅದನ್ನು ಬಿಗಿ ಮಾಡುವ ತನಕ ನಾವೆಲ್ಲ ನಿಂತೆವು. ಹತ್ತು ನಿಮಿಷ ಅಷ್ಟೇ. ಒದ್ದೆ ಬನಿಯನ್ ಬೆನ್ನಿಗೆ ಅಂಟಿಕೊಂಡು ತಣ್ಣಗಾಯಿತು. ಝಿಪ್ಪನ್ನು ಕತ್ತಿನವರೆಗೆ ಎಳೆಯೋಣ ಎಂದು ಗ್ಲೌಸ್ ತೆಗೆದರೆ ಬೆರಳು ಮರಗಟ್ಟಿ ಆ ಚಿಕ್ಕ ತುಂಡನ್ನು ಹಿಡಿಯಲೇ ಆಗಲಿಲ್ಲ. ಗೈಡ್ ಬಂದು, ಮಗುವಿಗೆ ಅಂಗಿ ಹಾಕುವ ಹಾಗೆ ಝಿಪ್ ಎಳೆದು, ನನ್ನ ಎರಡೂ ಕೈಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. "ನಡೆಯೋವಾಗ ಯಾರಿಗೂ ಚಳಿ ಆಗಲ್ಲ. ನಿಂತಾಗ ಹಾಕ್ಕೊಳ್ಳೋಕೆ ಏನಿದೆ ನಿಮ್ಮ ಹತ್ರ?" ಎಂದು ಕೇಳಿದರು. ನನ್ನ ಹತ್ತಿರ ಏನೂ ಇರಲಿಲ್ಲ. ಇದ್ದದ್ದನ್ನೆಲ್ಲ ಆಗಲೇ ಹಾಕಿಕೊಂಡಿದ್ದೆ.

ಒಬ್ಬರೇ ನಡೆಯುವಾಗ ಬೇಕೆಂದಾಗ ನಿಲ್ಲಬಹುದು, ಬೇಕೆಂದಾಗ ಹೊರಡಬಹುದು. ಗುಂಪಿನಲ್ಲಿ ಹಾಗಲ್ಲ. ಯಾರದೋ ಬೂಟಿನ ಲೇಸ್, ಯಾರಿಗೋ ಸುಸ್ತು, ಮುಂದೆ ದಾರಿ ನೋಡಿ ಬರುವ ಗೈಡ್. ಹಾಗಾಗಿ ಅಂದಿನಿಂದ ನಾನು ನಡೆಯುವ ಬಟ್ಟೆ ಬೇರೆ, ನಿಲ್ಲುವ ಬಟ್ಟೆ ಬೇರೆ ಎಂದೇ ಬ್ಯಾಗ್ ತುಂಬುತ್ತೇನೆ.

ನಡೆಯುವಾಗ ಮೈಗೆ ಅಂಟಿಕೊಂಡಂತೆ ಒಂದು ತೆಳು ಮೆರಿನೋ ಉಣ್ಣೆಯ ಬನಿಯನ್, ಮೇಲೆ ತೆಳು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಅಂಗಿ), ಗಾಳಿ ಇದ್ದರೆ ಅದರ ಮೇಲೊಂದು ಗಾಳಿ ತಡೆಯುವ ಪದರ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲೇಬೇಕು. ಬೆಚ್ಚಗಿದ್ದರೆ ಬಟ್ಟೆ ಜಾಸ್ತಿ ಆಯಿತು ಎಂದೇ ಅರ್ಥ. ಹತ್ತಿ ಬೇಡವೇ ಬೇಡ. ಅದು ಬೆವರು ಕುಡಿದರೆ ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ.

ನಿಂತಾಗ ಹಾಕುವ ದಪ್ಪ ಜಾಕೆಟ್ ಬ್ಯಾಗಿನ ಬಾಯಲ್ಲೇ ಇರುತ್ತದೆ. ಒಂದು ಸೈಜ್ ದೊಡ್ಡದು, ಏಕೆಂದರೆ ಒಳಗಿನದನ್ನು ಬಿಚ್ಚದೆ ಎಲ್ಲದರ ಮೇಲೆ ಹಾಕಬೇಕು. ಒಣ ಚಳಿಯಾದರೆ ಡೌನ್ ಜಾಕೆಟ್, ಅಂದರೆ ಬಾತುಕೋಳಿಯಂಥ ಹಕ್ಕಿಯ ಮೆತ್ತನೆಯ ಪುಕ್ಕ ತುಂಬಿದ್ದು. ಹಿಮ ಕರಗಿ ನೀರಾಗುವ ಹವೆಯಾದರೆ ಸಿಂಥೆಟಿಕ್. ಒದ್ದೆಯಾದ ಡೌನ್ ಗಂಟುಗಟ್ಟಿ ಸಪ್ಪಟೆಯಾಗುತ್ತದೆ, ಆಮೇಲೆ ಅದು ಸುಮ್ನೆ ಭಾರ. ಪ್ರತಿ ಝಿಪ್ಪಿಗೂ ಬೆರಳುದ್ದದ ದಾರದ ಕುಣಿಕೆ ಕಟ್ಟಿದ್ದೇನೆ. ಮಿಟನ್ (ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳು ಒಟ್ಟಿಗಿರುವ ಗ್ಲೌಸ್) ಹಾಕಿದ ಕೈಯಿಂದಲೇ ಎಳೆಯಬಹುದು. ಹೊರಡುವ ಮುಂಚೆ ಮನೆಯಲ್ಲಿ ಮಿಟನ್ ಹಾಕಿಕೊಂಡೇ ಬ್ಯಾಗಿನ ಬಕಲ್, ಬಾಟಲಿಯ ಮುಚ್ಚಳ ಎಲ್ಲ ತೆಗೆದು ಹಾಕಿ ನೋಡುತ್ತೇನೆ. ಅಲ್ಲಿ ಆಗದ್ದು ಹಿಮಗಾಳಿಯಲ್ಲಿ ಆಗುತ್ತದಾ?

ಕೈಗೆ ಒಳಗೊಂದು ತೆಳು ಗ್ಲೌಸ್, ಮೇಲೆ ಮಿಟನ್. ಬೆರಳುಗಳು ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಮಿಟನ್ನಿಗೆ ಮಣಿಕಟ್ಟಿನ ದಾರ ಇರಲೇಬೇಕು, ಗಾಳಿಗೆ ಹಾರಿದರೆ ಮತ್ತೆ ಸಿಗುವುದಿಲ್ಲ. ಇನ್ನೊಂದು ಜೊತೆ ದಪ್ಪ ಜಾಕೆಟ್ಟಿನ ಜೇಬಿನಲ್ಲಿರುತ್ತದೆ.

ಕಾಲಿನ ವಿಷಯದಲ್ಲೂ ನನ್ನದು ತಪ್ಪೇ ಆಗಿತ್ತು. ಬಿಗಿ ಬೂಟಿನೊಳಗೆ ಎರಡು ದಪ್ಪ ಸಾಕ್ಸ್ ತುರುಕಿದ್ದೆ. ರಕ್ತ ಓಡಾಡಲು ಜಾಗವಿಲ್ಲದಿದ್ದರೆ ಸಾಕ್ಸ್ ಎಷ್ಟಿದ್ದರೇನು? ಈಗ ಸಾಕ್ಸ್ ಹಾಕಿ ಬೂಟಿನೊಳಗೆ ಬೆರಳು ಆಡಿಸಿ ನೋಡಿಯೇ ಕೊಳ್ಳುತ್ತೇನೆ. ಒಂದು ಜೊತೆ ಒಣ ಸಾಕ್ಸ್ ಮಲಗಲು ಮಾತ್ರ.

ಬಾಡಿಗೆಗೆ ಕೊಡುವ ಸಾಮಾನನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಕ್ರ್ಯಾಂಪಾನನ್ನು ನಿಮ್ಮ ಬೂಟಿಗೇ ಕಟ್ಟಿ ನಾಲ್ಕು ಹೆಜ್ಜೆ ನಡೆಯಿರಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ಕಂಫರ್ಟ್ (ಹಾಯಾಗಿ ಮಲಗಬಹುದಾದದ್ದು), ಲಿಮಿಟ್ (ಮುದುಡಿ ಮಲಗಿ ತಡೆದುಕೊಳ್ಳಬಹುದಾದದ್ದು) ಎಂದು ಬೇರೆ ಬೇರೆ ಉಷ್ಣಾಂಶ ಬರೆದಿರುತ್ತದೆ. ನಾನು ನೋಡುವುದು ಕಂಫರ್ಟ್ ಸಂಖ್ಯೆ ಮಾತ್ರ. ರಾತ್ರಿ ಎಷ್ಟಕ್ಕೆ ಇಳಿಯುತ್ತದೆ ಎಂದು ಗೈಡ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಸ್ಲೀಪಿಂಗ್ ಬ್ಯಾಗಿನಷ್ಟೇ ಮುಖ್ಯ ಅಡಿಯ ಮ್ಯಾಟ್. ಮೈ ಭಾರಕ್ಕೆ ಬ್ಯಾಗಿನ ಕೆಳಭಾಗ ಅಮುಕಿ ಹೋಗುತ್ತದೆ, ನೆಲದ ತಣ್ಣನೆಯನ್ನು ತಡೆಯುವುದು ಮ್ಯಾಟೇ. ಹಿಮದ ಮೇಲಾದರೆ ಆರ್-ವ್ಯಾಲ್ಯೂ (ಮ್ಯಾಟ್ ತಣ್ಣನೆಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 4ಕ್ಕಿಂತ ಜಾಸ್ತಿ ಇರುವುದನ್ನೇ ಒಯ್ಯುತ್ತೇನೆ.

ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಬಾಟಲಿಯನ್ನು ತಲೆಕೆಳಗು ಮಾಡಿ ಇಟ್ಟರೆ ಬಾಯಿ ಕಟ್ಟುವುದಿಲ್ಲ. ಪೈಪಿನಲ್ಲಿ ಹೀರುವ ನೀರಿನ ಚೀಲ ಬೇಡ, ಪೈಪ್ ಮೊದಲು ಹೆಪ್ಪುಗಟ್ಟುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಫೋನ್ ಎದೆಯ ಒಳಜೇಬಿನಲ್ಲಿ. ಹೆಡ್‌ಲ್ಯಾಂಪಿಗೆ ಲಿಥಿಯಂ ಸೆಲ್. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಕಪ್ಪು ಕನ್ನಡಕ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಸನ್‌ಸ್ಕ್ರೀನ್ ಹಚ್ಚುವಾಗ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ. ನನಗೆ ಸುಟ್ಟದ್ದು ಅಲ್ಲೇ.

ವಾಪಸ್ ಬಂದ ದಿನವೇ ಎಲ್ಲವನ್ನೂ ಹರವಿ ಒಣಗಿಸುತ್ತೇನೆ. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಎರಡನ್ನೂ ಚಿಕ್ಕ ಚೀಲಕ್ಕೆ ತುರುಕದೆ ದೊಡ್ಡ ಚೀಲದಲ್ಲಿ ಸಡಿಲವಾಗಿ ನೇತುಹಾಕಿಡುತ್ತೇನೆ. ಸಡಿಲವಾದ ದಾರದ ಕುಣಿಕೆ ಕಂಡರೆ ಅಂದೇ ಹೊಸದು ಕಟ್ಟುತ್ತೇನೆ.