ಮುಂಬಯಿಯ ಕನ್ನಡ ತರಗತಿಯಲ್ಲಿ ಪ್ರತಿ ಮಗುವಿಗೂ ಜಾಗ ಮಾಡಿಕೊಡುವ ಬಗೆ

ಮುಂಬಯಿ ಮಹಾನಗರಪಾಲಿಕೆ ನಡೆಸುವ ಶಾಲೆಗಳಲ್ಲಿ ಕನ್ನಡವೂ ಒಂದು ಮಾಧ್ಯಮ. ಆ ಶಾಲೆಗಳಿಗೂ ಸಂಘ ಸಂಸ್ಥೆಗಳ ಕನ್ನಡ ಕಲಿಕೆಯ ವರ್ಗಗಳಿಗೂ ಬರುವ ಮಕ್ಕಳ ಮನೆಮಾತು ಕನ್ನಡವೇ ಎಂದುಕೊಂಡು ಪಾಠಕ್ಕೆ ಇಳಿಯುವ ಶಿಕ್ಷಕರು ಮೊದಲ ವಾರದಲ್ಲೇ ಎಡವುತ್ತಾರೆ. ಉಡುಪಿ, ಮಂಗಳೂರು ಕಡೆಯ ಕುಟುಂಬಗಳಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಇರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಆ ಸೀಮೆಯ ಕನ್ನಡ, ಲಂಬಾಣಿ ಅಥವಾ ದಖನಿ ಉರ್ದು ಇರುತ್ತದೆ. ಗಲ್ಲಿಗೆ ಇಳಿದರೆ ಎಲ್ಲರದೂ ಮುಂಬಯಿ ಹಿಂದಿ.

ಇದರಿಂದ ಒಂದು ವಿಚಿತ್ರ ಅನ್ಯಾಯ ಹುಟ್ಟುತ್ತದೆ. ತುಳು ಮನೆಯ ಮಗು ಕನ್ನಡವನ್ನು ಬಹುಮಟ್ಟಿಗೆ ಶಾಲೆಯಿಂದಲೇ ಕಲಿಯುವುದರಿಂದ ಅದರ ಮಾತು ಪುಸ್ತಕಕ್ಕೆ ಹತ್ತಿರವಾಗಿರುತ್ತದೆ, ಗಟ್ಟಿಯಾಗಿ ಓದುವ ಅವಕಾಶ ಅದಕ್ಕೇ ಸಿಗುತ್ತದೆ. ಹುಟ್ಟಿನಿಂದ ಕನ್ನಡವನ್ನೇ ಆಡಿದ ಕಲಬುರಗಿಯ ಮಗು ಮಾತ್ರ ‘ತಪ್ಪು ಕನ್ನಡ’ದ ಹಣೆಪಟ್ಟಿ ಹೊತ್ತು ಹಿಂದಿನ ಸಾಲಿಗೆ ಸರಿಯುತ್ತದೆ. ತರಗತಿಯನ್ನು ಸುಧಾರಿಸುವ ಕೆಲಸ ಇಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಪುಟ ಮೀಸಲಿಡಿ. ಅಮ್ಮನೊಡನೆ ಯಾವ ಮಾತು, ಗೆಳೆಯರೊಡನೆ ಯಾವುದು, ಮನೆಯಲ್ಲಿ ಓದು ಬರಹ ಬಲ್ಲವರು ಯಾರು, ವರ್ಷದಲ್ಲಿ ಊರಿಗೆ ಹೋಗುವುದು ಯಾವಾಗ ಎಂಬಿಷ್ಟನ್ನು ಫಾರಂ ಹಂಚದೆ, ಬಿಡುವಿನಲ್ಲಿ ಮಾತಾಡಿಸುತ್ತಾ ತಿಳಿದುಕೊಳ್ಳಿ. ಹಾಜರಿ ಕರೆಯುವಾಗ ಮಗುವಿನ ಹೆಸರನ್ನೇ ಕರೆಯಿರಿ. ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಹಿಂದೆ ಜಾತಿಯ ಸುಳಿವು ಇರುವುದು ಮಕ್ಕಳಿಗೂ ಗೊತ್ತಿರುತ್ತದೆ.

ಮಾತಿನ ಗೌರವದ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. “ಟೀಚರ್, ನೀ ನಿನ್ನೆ ಯಾಕ ಬರ್ಲಿಲ್ಲ?” ಎಂದು ಉತ್ತರ ಕರ್ನಾಟಕದ ಮಗು ಕೇಳಿದಾಗ ಕರಾವಳಿಯ ಶಿಕ್ಷಕಿಗೆ ಅದು ಉದ್ಧಟತನವಾಗಿ ಕೇಳಿಸಬಹುದು, ಆದರೆ ಆ ಮಗು ತನ್ನ ಅವ್ವನನ್ನೂ ಹಾಗೆಯೇ ಮಾತಾಡಿಸುತ್ತದೆ, ಅದರ ಮಟ್ಟಿಗೆ ಅದು ಸಲುಗೆ. ಮೊದಲು ಪ್ರಶ್ನೆಗೆ ಉತ್ತರ ಕೊಡಿ. ಬಹುವಚನದ ಬಳಕೆಯನ್ನು ಅಂಗಡಿಯ ಆಟ, ಅತಿಥಿಯ ಆಟಗಳ ಮೂಲಕ ಬೇರೆ ಹೊತ್ತಿನಲ್ಲಿ ಕಲಿಸಿದರೆ ಯಾರ ಮುಖವೂ ಬಾಡುವುದಿಲ್ಲ.

ತಿದ್ದುವುದಕ್ಕೂ ಹೊತ್ತು ಗೊತ್ತು ಇದೆ. ಮಗು ಮಾತಾಡುತ್ತಿರುವಾಗ ತಡೆಯಬೇಡಿ, ಬರಹಕ್ಕೆ ಬಂದಾಗ ತಿದ್ದಿ. “ಅವ್ವ ರೊಟ್ಟಿ ಬಡ್ಯಾಕತ್ತಾಳ” ಎಂದು ಮಗು ಹೇಳಿದರೆ ಅದನ್ನು ಹಾಗೆಯೇ ಹಲಗೆಯ ಮೇಲೆ ಬರೆದು, ಕೆಳಗೆ “ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ” ಎಂದು ಬರೆಯಿರಿ. ಅವ್ವನನ್ನು ತಾಯಿಯಾಗಿಸುವ, ಬಡಿಯುವುದನ್ನು ತಟ್ಟುವುದಾಗಿಸುವ ಅಗತ್ಯವಿಲ್ಲ. ಎರಡು ಸಾಲುಗಳ ನಡುವೆ ಬದಲಾದದ್ದೇನು ಎಂದು ಮಕ್ಕಳೇ ಗುರುತಿಸಲಿ. ತುಳು, ಲಂಬಾಣಿ ಮಕ್ಕಳೂ ಅದೇ ವಾಕ್ಯವನ್ನು ತಮ್ಮ ಮಾತಿನಲ್ಲಿ ಹೇಳಲಿ. ತರಗತಿಯಲ್ಲಿ ಮನೆಮಾತೇಕೆ ಎಂದು ಯಾರಾದರೂ ಆಕ್ಷೇಪಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ನಡೆಯಬೇಕೆಂದು ಹೇಳುವುದನ್ನೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿಗೆ ಒತ್ತು ಕೊಟ್ಟಿರುವುದನ್ನೂ ತೋರಿಸಬಹುದು.

ಗಣಿತದಲ್ಲಿ ಈ ಗಮನ ಇನ್ನೂ ಹೆಚ್ಚು ಬೇಕು. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಇಪ್ಪತ್ತು ಮೊದಲು ಬಂದು ಐದು ಆಮೇಲೆ ಬರುತ್ತದೆ. ಮರಾಠಿಯ ‘ಪಂಚವೀಸ್’ನಲ್ಲಿ ಐದು ಮುಂದೆ, ಇಪ್ಪತ್ತು ಹಿಂದೆ. ಲೆಕ್ಕವನ್ನು ಗಲ್ಲಿಯ ಅಂಗಡಿಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಕಲಿತ ಮಗು 25 ಎಂದು ಕೇಳಿ 52 ಬರೆದರೆ, ಅದಕ್ಕೆ ಎಣಿಕೆ ಬಾರದು ಎಂದು ತೀರ್ಮಾನಿಸಬಾರದು. ಮರಾಠಿ ಮಕ್ಕಳಿಗೇ ಈ ಕ್ರಮ ಕಷ್ಟವಾಗುತ್ತದೆಂದು 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ 21ಕ್ಕೆ ‘ವೀಸ್ ಏಕ್’ (ಇಪ್ಪತ್ತು ಒಂದು) ಎಂಬ ನೇರ ಓದನ್ನು ಸೇರಿಸಿದಾಗ ರಾಜ್ಯದಲ್ಲಿ ದೊಡ್ಡ ವಾದವೇ ನಡೆಯಿತು. ಕನ್ನಡದ ಎಣಿಕೆ ಮೊದಲಿನಿಂದಲೂ ನೇರವಾಗಿರುವುದರಿಂದ ನಮ್ಮ ಕೆಲಸ ಹಗುರ. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿಸಿ, ಎರಡು ಕಟ್ಟು, ಐದು ಬಿಡಿ ಕಡ್ಡಿ ಎಂದು ಎಣಿಸಿ, ಆಮೇಲೆ ಅದೇ ಸಂಖ್ಯೆಯನ್ನು ಮಗುವಿಗೆ ಗೊತ್ತಿರುವ ಎಲ್ಲ ಭಾಷೆಗಳಲ್ಲೂ ಹೇಳಿಸಿ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಮರಾಠಿ ಕಡ್ಡಾಯ ವಿಷಯವಾಗಿರುವುದರಿಂದ, ಮರಾಠಿ ಶಿಕ್ಷಕರೊಡನೆ ಕೂತು ಇಬ್ಬರೂ ಒಂದೇ ವಾರದಲ್ಲಿ ಒಂದೇ ಸಂಖ್ಯೆಗಳನ್ನು ಎತ್ತಿಕೊಂಡರೆ ಇನ್ನೂ ಒಳ್ಳೆಯದು.

ಹಬ್ಬಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯುಗಾದಿ ಮತ್ತು ಗುಡಿ ಪಾಡ್ವ ಒಂದೇ ದಿನ, ತುಳುವರ ಬಿಸು ಏಪ್ರಿಲ್ ಮಧ್ಯದಲ್ಲಿ ಎಂಬಂಥ ಸಂಗತಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳಿಂದಲೇ ಬರೆಸಿ. ವೇಷಭೂಷಣದ ಒಂದು ದಿನ ನಡೆಸಿ ಕೈತೊಳೆದುಕೊಳ್ಳುವುದರಿಂದ ಫೋಟೋ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಡಬ್ಬಿಯಲ್ಲಿ ಒಣಮೀನಿರಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರಲಿ, ಶಿಕ್ಷಕರು ಮೂಗು ಮುರಿಯಕೂಡದು. ಅವರು ಮುರಿದರೆ ಇಡೀ ತರಗತಿ ಮುರಿಯುತ್ತದೆ. ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ಮಾತನ್ನು ಅಣಕಿಸುವುದೂ ಊಟವನ್ನು ಹಂಗಿಸುವುದೂ ಅದರೊಳಗೇ ಬರುತ್ತವೆ ಎಂದು ತಿಳಿದು ನಡೆಯುವುದು ಕ್ಷೇಮ.

ಪಾಲಕರ ಸಭೆಯ ಸಮಯವನ್ನು ಅವರ ದುಡಿಮೆ ನೋಡಿ ಗೊತ್ತುಮಾಡಬೇಕು. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸ್ವಲ್ಪ ಬಿಡುವು. ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವವರಿಗೆ ಬೆಳಗಿನ ಸಭೆ ಎಂದರೆ ಒಂದು ದಿನದ ಕೂಲಿಯೇ ಹೋದಂತೆ. ಓದಲು ಬಾರದವರಿಗೆ ಸುತ್ತೋಲೆಯ ಬದಲು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ. ಅವರು ತೊಗರಿ ರಾಶಿಗೋ ಜಾತ್ರೆಗೋ ಊರಿಗೆ ಹೊರಟಾಗ, ಹೆಸರು ತೆಗೆಯುವ ಬೆದರಿಕೆ ಹಾಕದೆ, ಮಗುವಿನ ಕೈಗೆ ಬೇರೆಯೇ ಒಂದು ಸಣ್ಣ ಪುಸ್ತಕ ಕೊಟ್ಟು, ಹೊಲದಲ್ಲಿ ಕಂಡದ್ದನ್ನೂ ಚೀಲ ಎಷ್ಟಾಯಿತೆಂಬುದನ್ನೂ ಬರೆದು ತರಲು ಹೇಳಿ. ಮರಳಿದ ದಿನ ಅದನ್ನೇ ತರಗತಿಗೆ ಓದಿಸಿ, ಬಿಟ್ಟುಹೋದ ಪಾಠಗಳಿಗೆ ಅದೇ ಪುಸ್ತಕದ ಉಳಿದ ಹಾಳೆಗಳನ್ನು ಬಳಸಬಹುದು.