ಮೀಟರ್ ಸರಿ ಅಂದರೂ ನಾನು ನಂಬದ ಕಂಡೆನ್ಸರ್‌ಗಳು

ಹಳೇ ಕಾರುಗಳ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಬಿಚ್ಚಿ ಬಿಚ್ಚಿ ನನ್ನ ಹತ್ತಿರ ಒಂದು ಡಬ್ಬಿ ತುಂಬಾ ಕಂಡೆನ್ಸರ್, ಅಂದರೆ ಇಗ್ನಿಷನ್ ಕೆಪಾಸಿಟರ್, ಸೇರಿಕೊಂಡಿದ್ದವು. ಕೆಲವು ಓಡಿದವು, ಕೆಲವು ಪ್ಯಾಕೆಟ್ ಕೂಡ ಒಡೆಯದ ಹಳೇ ಸ್ಟಾಕ್. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಅಂತ ಒಂದು ಸಲ ಕೂತು ಎಲ್ಲವನ್ನೂ ಪರೀಕ್ಷೆ ಮಾಡಿದೆ. ಮಲ್ಟಿಮೀಟರಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಪಾಸ್. ಮೆಗ್ಗರ್ (ನೂರಾರು ವೋಲ್ಟ್ ಕೊಟ್ಟು ಕರೆಂಟ್ ಸೋರುತ್ತದೆಯೇ ಅಂತ ನೋಡುವ ಮೀಟರ್) ಹಚ್ಚಿದ ಮೇಲೆ ಅರ್ಧಕ್ಕರ್ಧ ಡಬ್ಬಿ ಖಾಲಿ!

ಇದಕ್ಕೆ ಕಾರಣ ಕಂಡೆನ್ಸರ್ ಮಾಡುವ ಕೆಲಸದಲ್ಲೇ ಇದೆ. ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಮುಚ್ಚಿ ತೆರೆಯುವ ಕಾಂಟ್ಯಾಕ್ಟ್) ತೆರೆದ ಕ್ಷಣ, ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಪ್ರೈಮರಿಯಲ್ಲಿ, ಅಂದರೆ ಬ್ಯಾಟರಿ ಕಡೆಯ ಸುತ್ತಿನಲ್ಲಿ, ಹರಿಯುತ್ತಿದ್ದ ಮೂರು ನಾಲ್ಕು ಆಂಪಿಯರ್ ಕರೆಂಟಿಗೆ ದಾರಿ ಕಟ್ ಆಗುತ್ತದೆ, ಬ್ಯಾಟರಿ ಬರೀ 12 ವೋಲ್ಟ್ ಇದ್ದರೂ ಆ ಜಾಗದಲ್ಲಿ 200ರಿಂದ 400 ವೋಲ್ಟ್ ತನಕ ಏರುತ್ತದೆ. ಪಾಯಿಂಟ್ ಪೂರ್ತಿ ತೆರೆಯುವ ತನಕ ಆ ಕರೆಂಟನ್ನು ಕಂಡೆನ್ಸರ್ ತಾನು ನುಂಗಿಕೊಳ್ಳಬೇಕು. ಇಲ್ಲದಿದ್ದರೆ ಕಿಡಿ ಪಾಯಿಂಟಿನಲ್ಲೇ ಹಾರುತ್ತದೆ, ಪಾಯಿಂಟ್ ಸುಟ್ಟು ಕರಕಲಾಗುತ್ತದೆ, ಪ್ಲಗ್ಗಿಗೆ ಹೋಗುವುದು ಅಳಿದುಳಿದದ್ದು ಮಾತ್ರ. ಅಂದರೆ ಕಂಡೆನ್ಸರ್ ಅನ್ನುವ ಈ ಪುಟ್ಟ ಡಬ್ಬಿ ಬದುಕುವುದು ಮುನ್ನೂರು ವೋಲ್ಟಿನಲ್ಲಿ, ಅದೂ ಬಿಸಿ ಎಂಜಿನ್ ಪಕ್ಕ. ನಾವು ಅದನ್ನು ತಣ್ಣಗಿರುವಾಗ, ಒಂದೆರಡು ವೋಲ್ಟ್ ಕೊಡುವ ಮಲ್ಟಿಮೀಟರಿನಲ್ಲಿ ಅಳೆದು ಸರಿ ಇದೆ ಅಂತೀವಿ. ಏನು ಗೊತ್ತಾಗುತ್ತೆ ಅದರಲ್ಲಿ?

ಹಾಗಂತ ಮಲ್ಟಿಮೀಟರ್ ಬೇಡ ಅಂತಲ್ಲ. ಮೊದಲ ಸೋಸುವಿಕೆಗೆ ಅದು ಸಾಕು. ಕಂಡೆನ್ಸರನ್ನು ಕಾರಿನಿಂದ ಪೂರ್ತಿ ಬಿಚ್ಚಿಯೇ ಅಳೆಯಬೇಕು, ಯಾಕೆಂದರೆ ಪಾಯಿಂಟ್ ಮುಚ್ಚಿದ್ದರೆ ಅದು ಅರ್ತ್‌ಗೆ (ಕಾರಿನ ಬಾಡಿಗೆ) ಶಾರ್ಟ್ ಆಗಿರುತ್ತದೆ, ತೆರೆದಿದ್ದರೂ ಕಾಯಿಲಿನ ದಾರಿ ಇರುತ್ತದೆ. ಒಂದು ತುದಿ ವೈರ್, ಇನ್ನೊಂದು ತುದಿ ಡಬ್ಬಿಯ ಮೈ. ಆ ಮೈ ಮೇಲಿನ ತುಕ್ಕು, ಬಣ್ಣ ಉಜ್ಜಿ ತೆಗೆಯಿರಿ. ಹೆಚ್ಚಿನ ಕಾರುಗಳ ಕಂಡೆನ್ಸರ್ 0.18ರಿಂದ 0.25 ಮೈಕ್ರೋಫ್ಯಾರಡ್ ಆಸುಪಾಸು ಇರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಖುಷಿ ಪಡಬೇಡಿ, ಲೀಕ್ ಇರುವ ಕಂಡೆನ್ಸರ್ ಎಷ್ಟೋ ಸಲ ಮೀಟರಿಗೆ ಮೋಸ ಮಾಡಿ ಜಾಸ್ತಿಯೇ ತೋರಿಸುತ್ತದೆ. ಇಲ್ಲವೇ ನಿಮ್ಮ ಕೈಯಲ್ಲಿರುವುದು ರೇಡಿಯೋದ ಕರಕರ ತಡೆಯಲು ಕಾಯಿಲಿನ ಸ್ವಿಚ್ ಕಡೆಗೆ ಹಾಕುವ ಇನ್ನೊಂದು ಕಂಡೆನ್ಸರ್ ಇರಬಹುದು. ನೋಡಲು ಎರಡೂ ಅಣ್ಣ ತಮ್ಮ ಇದ್ದಂತೆ, ಕೆಲಸ ಮಾತ್ರ ಬೇರೆ.

ಮೀಟರ್ ಹಚ್ಚಿರುವಾಗಲೇ ವೈರನ್ನು ಬುಡದಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸುತ್ತೇನೆ. ರೀಡಿಂಗ್ ಕುಣಿದರೆ ಒಳಗಿನ ಜಾಯಿಂಟ್ ಸಡಿಲ ಅಂತ ಅರ್ಥ. ಅದನ್ನು ಅಲ್ಲೇ ಕಸಕ್ಕೆ ಹಾಕಿ.

ಆಮೇಲೆ ಮೆಗ್ಗರ್. 250 ವೋಲ್ಟಿನಲ್ಲಿ ಶುರು ಮಾಡುತ್ತೇನೆ, ಅಲ್ಲಿ ನಿಂತರೆ ಮಾತ್ರ 500. ಶುರುವಿನಲ್ಲಿ ರೀಡಿಂಗ್ ಕಡಿಮೆ ಇರುತ್ತದೆ, ಚಾರ್ಜ್ ಆಗುತ್ತಾ ಏರುತ್ತದೆ, ಹಾಗಾಗಿ ಒಂದು ನಿಮಿಷ ಬಿಡಬೇಕು. ಒಳ್ಳೆಯದಾದರೆ ನೂರಾರು ಮೆಗಾಓಮ್‌ಗೆ ಹೋಗಿ ನಿಲ್ಲುತ್ತದೆ. ಏರಿ ಮತ್ತೆ ಇಳಿಯುವುದು, ಅಲ್ಲಾಡುವುದು, ಏರಲೇ ಇಲ್ಲದಿರುವುದು, ಮೂರೂ ಕೆಟ್ಟ ಲಕ್ಷಣವೇ. ಮುಗಿದ ಮೇಲೆ ವೈರನ್ನು ಮೈಗೆ ತಾಗಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ. ಒಂದು ಸಲ ತಾಗಿಸಿ ಬಿಟ್ಟರೆ ಒಳಗೆ ಉಳಿದ ಚಾರ್ಜ್ ಮತ್ತೆ ಮೇಲೆ ಬರುತ್ತದೆ, ಮುಟ್ಟಿದರೆ ಚುರುಕ್ ಅನ್ನುತ್ತೆ.

ನಿಜವಾದ ಪರೀಕ್ಷೆ ಇನ್ನು ಮುಂದೆ. ಹೇರ್ ಡ್ರೈಯರ್ ಹಿಡಿದು ಡಬ್ಬಿಯನ್ನು 70-80 ಡಿಗ್ರಿ ತನಕ ಬಿಸಿ ಮಾಡಿ ಮತ್ತೆ ಮೆಗ್ಗರ್ ಹಚ್ಚುತ್ತೇನೆ. ಬೆಂಕಿ ತೋರಿಸಬಾರದು. ಬಿಸಿಯಲ್ಲಿ ರೀಡಿಂಗ್ ಸ್ವಲ್ಪ ಇಳಿಯುವುದು ಸಹಜ. ಆದರೆ ತಣ್ಣಗಿದ್ದಾಗ ಚೆನ್ನಾಗಿದ್ದದ್ದು ಬಿಸಿಯಲ್ಲಿ 10 ಮೆಗಾಓಮ್‌ಗಿಂತ ಕೆಳಗೆ ಬಿದ್ದರೆ ನಾನು ಅದನ್ನು ಕಾರಿಗೆ ಹಾಕುವುದಿಲ್ಲ. ಇದು ನಾನೇ ಹಾಕಿಕೊಂಡ ಗೆರೆ, ನಿಮ್ಮದು ಬೇರೆ ಇರಬಹುದು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಬಿಸಿ ಆದ ಮೇಲೆ ಮಿಸ್ಸಿಂಗ್ ಹೊಡೆದು ನಿಂತು, ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್ ಆಗುವ ಕಾರುಗಳಿರುತ್ತವಲ್ಲ, ಅವುಗಳಲ್ಲಿ ಎಷ್ಟೋ ಕಡೆ ಹೀಗೆ ಬಿಸಿಗೆ ಸೋಲುವ ಕಂಡೆನ್ಸರ್ ಇರುತ್ತದೆ. ಕಾಯಿಲ್ ಕೆಟ್ಟರೂ ಇದೇ ಲಕ್ಷಣ, ಅದೇ ತಲೆನೋವು.

ಪ್ಯಾಕೆಟ್ ಒಡೆಯದ ಹಳೇ ಸ್ಟಾಕ್ ಬಗ್ಗೆ ಜನರಿಗೆ ಸುಮ್ನೆ ಒಂದು ಭಕ್ತಿ ಇದೆ. ನನಗಿಲ್ಲ. ಒಳಗಿರುವುದು ತೆಳು ಲೋಹದ ಹಾಳೆ ಮತ್ತು ಮೇಣವೋ ಎಣ್ಣೆಯೋ ಕುಡಿಸಿದ ಕಾಗದ, ಎರಡನ್ನೂ ಸುತ್ತಿದ ಸುರುಳಿ. ಬಾಯಿಯ ಸೀಲ್ ಒಣಗಿ ಬಿರುಕು ಬಿಟ್ಟರೆ ಕಾಗದ ತೇವ ಎಳೆಯುತ್ತದೆ. ಬಳಸಿದರೂ ಬಳಸದಿದ್ದರೂ ವಯಸ್ಸಂತೂ ಆಗುತ್ತೆ, ಅಲ್ವಾ?

ಪ್ಲಗ್ ವೈರಿನಿಂದ ಚಾರ್ಜ್ ಮಾಡಿ ಮೈಗೆ ತಾಗಿಸಿ ಚಟ್ ಅಂದರೆ ಓಕೆ ಅನ್ನುವ ಹಳೇ ಪದ್ಧತಿ ಒಂದಿದೆ. ದಯವಿಟ್ಟು ಬೇಡ. ಅಲ್ಲಿ ಬರುವುದು ಸಾವಿರಾರು ವೋಲ್ಟ್, ಚೆನ್ನಾಗಿದ್ದ ಕಂಡೆನ್ಸರ್ ಕೂಡ ಒಳಗೆ ತೂತು ಬೀಳುತ್ತದೆ.

ಹಳೆಯದು ಒಂದೂ ಪಾಸ್ ಆಗದಿದ್ದರೆ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕುತ್ತೇನೆ, ಪಲ್ಸ್ ಕೆಲಸಕ್ಕೆ ಅಂತಲೇ ಮಾಡಿದ್ದು. ಇದನ್ನು ಡಿಸ್ಟ್ರಿಬ್ಯೂಟರ್ ಒಳಗೆ ತುರುಕದೆ ಹೊರಗೆ ಬಿಸಿ ಕಡಿಮೆ ಇರುವ ಕಡೆ ಕೂರಿಸಿ, ವೈರ್ ಆದಷ್ಟು ಗಿಡ್ಡ ಇಡುತ್ತೇನೆ. ಎಂಜಿನ್ ಓಡುವಾಗ ಕ್ಯಾಪ್ ತೆಗೆದು ನೋಡಲು ಆಗುವುದಿಲ್ಲವಾದ್ದರಿಂದ, ಸೆಲ್ಫ್ ಹೊಡೆಯುತ್ತಾ ಪಾಯಿಂಟನ್ನು ಗಮನಿಸುತ್ತೇನೆ. ಸಣ್ಣ ನೀಲಿ ಕಿಡಿ ಇದ್ದರೆ ಚಿಂತೆ ಇಲ್ಲ. ದಪ್ಪಗೆ ಹಳದಿ ಕಿಡಿ ಹಾರಿದರೆ ಕಂಡೆನ್ಸರ್ ಇಲ್ಲವೇ ಅದರ ಅರ್ತಿಂಗ್ ನೋಡಬೇಕು.

ಪಾಸ್ ಆದವುಗಳ ಮೇಲೆ ಬಿಸಿ ರೀಡಿಂಗ್ ಬರೆದ ಚೀಟಿ ಅಂಟಿಸಿ, ಒಂದನ್ನು ಕ್ಲಿಪ್ ವೈರ್ ಸಮೇತ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ದಾರಿಯಲ್ಲಿ ಕಾರು ನಿಂತಾಗ ಅದನ್ನು ಹಚ್ಚಿ ನೋಡುವ ಮೊದಲು ಹಳೆಯದರ ವೈರ್ ಬಿಚ್ಚಲೇಬೇಕು. ಅದು ಶಾರ್ಟ್ ಆಗಿದ್ದರೆ ಪಕ್ಕದಲ್ಲಿ ಎಷ್ಟು ಒಳ್ಳೆಯದು ಹಚ್ಚಿದರೂ ಕಿಡಿ ಬರುವುದಿಲ್ಲ.