ಪೊಲೀಸರು ತಡೆದಾಗ, ಬಂಧಿಸಿದಾಗ, ಮನೆ ಶೋಧಿಸಿದಾಗ ಕೇಳಬೇಕಾದ ಕಾಗದಗಳು

ಕಾನೂನು ಗೊತ್ತುಪಡಿಸಿದ ಕ್ರಮದಿಂದಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿದುಕೊಳ್ಳುವಂತಿಲ್ಲ ಎಂದು ಸಂವಿಧಾನದ 21ನೆಯ ವಿಧಿ ಹೇಳುತ್ತದೆ. ಈ ರಕ್ಷಣೆ ಚಿಕ್ಕಮಗಳೂರಿನ ಕಾಫಿ ತೋಟದ ಮಾಲೀಕರಿಗೆ ಇರುವಷ್ಟೇ ಅದೇ ತೋಟದ ಲೈನ್ ಮನೆಯಲ್ಲಿರುವ ಕೂಲಿಕಾರರಿಗೂ ಇದೆ. ಆದರೆ ಕೇಳಬೇಕಾದ ಹೊತ್ತಿನಲ್ಲಿ ಕೇಳಬೇಕಾದ ಕಾಗದವನ್ನು ಕೇಳದಿದ್ದರೆ, ನಡೆದದ್ದು ತಪ್ಪೆಂದು ನ್ಯಾಯಾಲಯದಲ್ಲಿ ತೋರಿಸುವುದು ಕಷ್ಟವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಹಂತದಲ್ಲಿ ಏನನ್ನು ಕೇಳಬೇಕೆಂಬುದನ್ನು ಇಲ್ಲಿ ವಿವರಿಸಿದೆ.

ರಸ್ತೆಯ ತಪಾಸಣೆಯ ಮಾತು ಚಿಕ್ಕದು. ಚಾರ್ಮಾಡಿ ಘಾಟಿಯಲ್ಲಾಗಲಿ ಶಿರಾಡಿಯಲ್ಲಾಗಲಿ ಸಮವಸ್ತ್ರದಲ್ಲಿರುವ ಪೊಲೀಸರು ವಾಹನ ನಿಲ್ಲಿಸಿ ಚಾಲನಾ ಪರವಾನಗಿ ಕೇಳಿದರೆ ತೋರಿಸಲೇಬೇಕು; ಡಿಜಿಲಾಕರ್‌ನಲ್ಲಿರುವ ದಾಖಲೆಯೂ ಸಲ್ಲುತ್ತದೆ. ನಿಮ್ಮ ಮೊಬೈಲ್ ತೆರೆದು ಸಂದೇಶಗಳನ್ನು ಓದುವುದು ಮಾತ್ರ ವಾಹನ ತಪಾಸಣೆಯ ಭಾಗವಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಪಿತ್ತಿದೆ.

‘ಸುಮ್ಮನೆ ಠಾಣೆಗೆ ಬಂದು ಹೋಗಿ’ ಎಂಬ ಕರೆ ಬಂದಾಗ ಹೆಚ್ಚಿನವರು ಗಾಬರಿಯಾಗುತ್ತಾರೆ. ಕೇಳಬೇಕಾದದ್ದು ಒಂದೇ: ಲಿಖಿತ ನೋಟಿಸು ಇದೆಯೇ? ಆರೋಪಿಯನ್ನು ಬಂಧಿಸುವ ಅಗತ್ಯವಿಲ್ಲದ ಪ್ರಕರಣದಲ್ಲಿ 35(3)ನೆಯ ಕಲಮಿನಡಿ ನೋಟಿಸು ಕೊಡಬೇಕು. ಇದನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ಆ ಅಪರಾಧಕ್ಕಾಗಿ ಬಂಧಿಸಬೇಕಾದರೆ ಅಧಿಕಾರಿ ಕಾರಣವನ್ನು ದಾಖಲಿಸಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪೂ ಹೇಳಿದೆ. ಸಾಕ್ಷಿಯಾಗಿ ಕರೆಸುವುದಾದರೆ ಮಹಿಳೆಯರನ್ನು, 15 ವರ್ಷದೊಳಗಿನವರನ್ನು ಮತ್ತು 60 ದಾಟಿದವರನ್ನು ಅವರ ವಾಸಸ್ಥಳದಲ್ಲಿಯೇ ವಿಚಾರಿಸಬೇಕೇ ಹೊರತು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ.

ಬಂಧನವೇ ಆದರೆ, ಮೊದಲು ಗಡಿಯಾರ ನೋಡಿ ಸಮಯವನ್ನು ಮನೆಯವರಿಗೆ ತಿಳಿಸಿ. 22ನೆಯ ವಿಧಿಯ ಪ್ರಕಾರ ಬಂಧಿತರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಕಲೇಶಪುರ, ಬೇಲೂರು, ಮೂಡಿಗೆರೆ, ತರೀಕೆರೆಗಳಲ್ಲೆಲ್ಲ ನ್ಯಾಯಾಲಯಗಳಿರುವಾಗ ದೂರದ ನೆಪ ಹಾಸನ, ಚಿಕ್ಕಮಗಳೂರು ಈ ಎರಡು ಜಿಲ್ಲೆಗಳಲ್ಲಿ ನಿಲ್ಲುವುದಿಲ್ಲ. ರಜಾದಿನವಾದರೆ ಮ್ಯಾಜಿಸ್ಟ್ರೇಟರ ನಿವಾಸಕ್ಕೆ ಕರೆದೊಯ್ಯುವ ಪದ್ಧತಿಯೂ ಇದೆ. ನಿಮ್ಮನ್ನು ಹೊರಹೋಗಲು ಬಿಡದ ಕ್ಷಣದಿಂದಲೇ ಈ ಲೆಕ್ಕ ಶುರುವಾಗಬೇಕು. ಆದ್ದರಿಂದ ಕಾಗದದಲ್ಲಿ ಬರೆದ ಸಮಯ ಬೇರೆಯಾಗಿದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಿ.

ನಂತರ ಎರಡು ಕಾಗದಗಳನ್ನು ಗಮನಿಸಿ. ಮೊದಲನೆಯದು ಬಂಧನದ ಮೆಮೊ. ಇದಕ್ಕೆ ಕುಟುಂಬದವರೊಬ್ಬರು ಅಥವಾ ಊರಿನ ಗೌರವಾನ್ವಿತರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ನಿಮ್ಮ ಸಹಿಯೂ ಇರಬೇಕು. ಎರಡನೆಯದು ಬಂಧನದ ಕಾರಣಗಳ ಬರಹ, ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಕಲಮಿನ ಸಂಖ್ಯೆ ಬರೆದು ಕೈಗಿತ್ತರೆ ಕಾರಣ ತಿಳಿಸಿದಂತಾಗುವುದಿಲ್ಲ. ನೀವು ಏನು ಮಾಡಿದಿರೆಂಬ ಆರೋಪದ ಮೂಲಸಂಗತಿಗಳು ಅದರಲ್ಲಿರಬೇಕು. ಈ ಬರಹ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಬಂಧನದ ಹೊತ್ತಿಗೆ ಆಗದಿದ್ದರೆ ರಿಮ್ಯಾಂಡಿಗೆ, ಅಂದರೆ ಬಂಧನ ಮುಂದುವರಿಸುವ ಆದೇಶಕ್ಕಾಗಿ ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೈಸೇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ವಿಧಿಸಿದೆ. ಅಸ್ಸಾಮಿನಿಂದ ಬಂದು ನಮ್ಮ ತೋಟಗಳಲ್ಲಿ ದುಡಿಯುವ, ಕನ್ನಡ ಓದಲು ಬಾರದ ಕಾರ್ಮಿಕರ ವಿಷಯದಲ್ಲಿ ಈ ಮಾತಿಗೆ ಎಷ್ಟು ತೂಕವಿದೆಯೆಂಬುದನ್ನು ತೋಟದ ಮಾಲೀಕರು, ತೋಟದ ಲೆಕ್ಕಪತ್ರ ನೋಡುವ ರೈಟರುಗಳು ಅರಿತಿರಬೇಕು. ಅಂತಹವರ ಪರವಾಗಿ ಠಾಣೆಗೆ ಹೋಗಿ ಈ ಕಾಗದವನ್ನು ಕೇಳಬೇಕು.

ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ, ನಡುವೆ ವಕೀಲರನ್ನು ಕಾಣುವ ಹಕ್ಕಿದೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡುವುದನ್ನು 20(3)ನೆಯ ವಿಧಿ ನಿಷೇಧಿಸುತ್ತದೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ನೀವು ಸಹಿ ಹಾಕಬೇಕಾಗಿಲ್ಲ, ಖಾಲಿ ಹಾಳೆಗಂತೂ ಎಂದಿಗೂ ಹಾಕಬೇಡಿ.

ಮನೆ ಶೋಧನೆಗೆ ಬಂದರೆ ವಾರಂಟು ತೋರಿಸಲು ಕೇಳಿ. ವಾರಂಟಿಲ್ಲದೆಯೂ 185ನೆಯ ಕಲಮಿನಡಿ ತನಿಖಾಧಿಕಾರಿ ಶೋಧಿಸಬಹುದು, ಆದರೆ ತಡಮಾಡಲಾಗದ ಕಾರಣವನ್ನು ಮೊದಲೇ ಬರೆದಿಡಬೇಕು ಮತ್ತು ಆ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಅರ್ಜಿ ಹಾಕಿದರೆ ಅದರ ನಕಲು ಮನೆಯವರಿಗೆ ಉಚಿತವಾಗಿ ಸಿಗುತ್ತದೆ. ಸ್ಥಳೀಯ ಪಂಚರಿಬ್ಬರು, ಅಂದರೆ ಶೋಧನೆಗೆ ಸಾಕ್ಷಿಗಳು, ಇರಬೇಕು, ಶೋಧನೆಯ ವಿಡಿಯೋ ಚಿತ್ರೀಕರಣವಾಗಬೇಕು, ಮನೆಯವರಿಗೆ ಎದುರಿಗಿರಲು ಅವಕಾಶ ಕೊಡಬೇಕು, ಜಪ್ತಿ ಮಾಡಿದ ವಸ್ತುಗಳ ಪಟ್ಟಿಯ ಪ್ರತಿ ಕೊಡಬೇಕು. ಕ್ರಮ ತಪ್ಪಿದೆಯೆಂದು ಕಂಡರೂ ಬಾಗಿಲಿಗೆ ಅಡ್ಡ ನಿಲ್ಲಬೇಡಿ: ಅಕ್ರಮ ಶೋಧನೆಯಲ್ಲಿ ಸಿಕ್ಕ ವಸ್ತುವನ್ನೂ ನ್ಯಾಯಾಲಯ ಪುರಾವೆಯಾಗಿ ಸ್ವೀಕರಿಸಬಹುದೆಂದು 1973ರಷ್ಟು ಹಿಂದೆಯೇ ತೀರ್ಪಾಗಿದೆ, ಅಡ್ಡಿಪಡಿಸಿದರೆ ಮತ್ತೊಂದು ಕೇಸು ಸೇರಿಕೊಳ್ಳುತ್ತದೆ. ಆಕ್ಷೇಪವನ್ನು ಅದೇ ದಿನ ಬರೆದು, ದಿನಾಂಕ ನಮೂದಿಸಿ, ವಕೀಲರ ಮೂಲಕ ನ್ಯಾಯಾಲಯಕ್ಕೆ ಸಲ್ಲಿಸಿ.

ಗೂಂಡಾ ಕಾಯ್ದೆಯಂತಹ ಮುನ್ನೆಚ್ಚರಿಕೆಯ ಬಂಧನಕ್ಕೆ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಅದರ ಕ್ರಮವೇ ಬೇರೆ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. ಬಂಧಿತರು ಎಲ್ಲಿದ್ದಾರೆಂಬುದೇ ತಿಳಿಯದೆ 24 ಗಂಟೆ ಕಳೆದರೆ ಕಾಯಬೇಡಿ: 226ನೆಯ ವಿಧಿಯಡಿ ಬೆಂಗಳೂರಿನ ಹೈಕೋರ್ಟಿನಲ್ಲಿ, ಬಂಧಿತರನ್ನು ನ್ಯಾಯಾಲಯದ ಮುಂದೆ ತರುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಮನೆಯವರೂ ಸ್ನೇಹಿತರೂ ಸಲ್ಲಿಸಬಹುದು.